203 ಪಿಎಸ್ ಗಾಡಿ, ಧಾರವಾಡ ರೋಡು: ಎಲೆಕ್ಟ್ರಾನಿಕ್ಸ್ ಎಷ್ಟು ಕಾಪಾಡುತ್ತೆ?

ಓದುಗರ ಪ್ರಶ್ನೆ: ಸರ್, ನಮಸ್ಕಾರ ರೀ. ನಾನು ಹುಬ್ಬಳ್ಳಿ ವಿದ್ಯಾನಗರದವನು. ಐದು ವರ್ಷದಿಂದ ಪಲ್ಸರ್ ಎನ್‌ಎಸ್200 ಓಡಿಸ್ತಾ ಇದ್ದೇನೆ. ಈಗ ಸೆಕೆಂಡ್ ಹ್ಯಾಂಡ್ ಕವಾಸಾಕಿ ನಿಂಜಾ ಝಡ್‌ಎಕ್ಸ್-10ಆರ್ ಒಂದು ನೋಡಿಟ್ಟಿದ್ದೇನೆ. 200ರ ಮೇಲೆ ಪಿಎಸ್ ಇದೆ ಅಂತ ಮನೆಯಲ್ಲಿ ಹೆದರುತ್ತಾರೆ. ಗೆಳೆಯರು ಮಾತ್ರ ‘ಟ್ರ್ಯಾಕ್ಷನ್ ಕಂಟ್ರೋಲ್ ಇದೆ, ಎಬಿಎಸ್ ಇದೆ, ಲೋ ಪವರ್ ಹಾಕಿದ್ರೆ ನಿನ್ನ ಎನ್‌ಎಸ್ ಇದ್ದ ಹಾಗೇ, ಬೀಳೋ ಮಾತೇ ಇಲ್ಲ’ ಅಂತಾರೆ. ದಿನಾ ಕೆಲಸಕ್ಕೆ ಧಾರವಾಡಕ್ಕೆ ಹೋಗಿ ಬರಬೇಕು. ಮಳೆಗಾಲದಲ್ಲಿ ಯಲ್ಲಾಪುರ, ಅಂಕೋಲಾ ಕಡೆ ರೈಡ್ ಹೋಗ್ತೀವಿ. ಇವೆಲ್ಲ ನಿಜವಾಗ್ಲೂ ಕಾಪಾಡ್ತಾವಾ? ಯಾವ ಮೋಡ್‌ನಲ್ಲಿ ಇಡಬೇಕು?

ಉತ್ತರ:

ಮೋಡ್ ವಿಷಯದಿಂದಲೇ ಶುರು ಮಾಡೋಣ, ಗೆಳೆಯರ ಲೆಕ್ಕ ತಪ್ಪಿರೋದೇ ಅಲ್ಲಿ. ಝಡ್‌ಎಕ್ಸ್-10ಆರ್‌ನಲ್ಲಿ ಪವರ್ ಮೋಡ್ ಮೂರು. ಫುಲ್ ಅಂದ್ರೆ ಪೂರ್ತಿ, ಮಿಡಲ್ ಅಂದ್ರೆ ಸುಮಾರು ಶೇ. 80, ಲೋ ಅಂದ್ರೆ ಸುಮಾರು ಶೇ. 60. 2021ರಲ್ಲಿ ಬಂದ ಮಾಡೆಲ್‌ನದು 203 ಪಿಎಸ್, ಅಂದ್ರೆ ಅಶ್ವಶಕ್ತಿ. ಅದರ ಶೇ. 60 ಎಂದರೆ 122. ನಿಮ್ಮ ಎನ್‌ಎಸ್‌ನದು 24.5. ಅಂದ್ರೆ ಎಲ್ಲಕ್ಕಿಂತ ಸಾಧು ಮೋಡ್‌ನಲ್ಲೂ ಈಗಿನ ಗಾಡಿಯ ಐದು ಪಟ್ಟು ಪವರ್ ನಿಮ್ಮ ಬಲಗೈಯಲ್ಲಿ ಇರುತ್ತದೆ. ಎನ್‌ಎಸ್ ಇದ್ದ ಹಾಗೇ ಅಂತೆ!

ಇನ್ನು ಈ 203 ಎಲ್ಲಿ ಕೂತಿರುತ್ತದೆ ನೋಡಿ. ಕಂಪನಿಯವರು ಬರೆಯೋದು ‘203 ಪಿಎಸ್, 13,200 ಆರ್‌ಪಿಎಂನಲ್ಲಿ’ ಅಂತ. ನಾವು ಮೊದಲ ಅರ್ಧ ಓದಿ ಎರಡನೇದನ್ನು, ಅಂದ್ರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು ಅನ್ನೋದನ್ನು, ಬಿಟ್ಟುಬಿಡುತ್ತೇವೆ. ಪವರ್ ಲೆಕ್ಕ ಸುಲಭ. ಟಾರ್ಕ್, ಅಂದ್ರೆ ಎಂಜಿನ್ ತಿರುಗಿಸುವ ಬಲ, ಎಷ್ಟು ನ್ಯೂಟನ್ ಮೀಟರ್ ಇದೆಯೋ ಅದನ್ನು ಆರ್‌ಪಿಎಂನಿಂದ ಗುಣಿಸಿ, 7,024ರಿಂದ ಭಾಗಿಸಿ. ಪಿಎಸ್ ಬರುತ್ತದೆ. ಈ ಎಂಜಿನ್ನಿನ ಗರಿಷ್ಠ ಟಾರ್ಕ್ 114.9, ಅದೂ 11,400 ಆರ್‌ಪಿಎಂನಲ್ಲಿ. ಅಲ್ಲಿ ಪವರ್ 186 ಆಗುತ್ತದೆ. ಅದೇ 4,000 ಆರ್‌ಪಿಎಂನಲ್ಲಿ ಟಾರ್ಕ್ 75 ಸಿಗುತ್ತದೆ ಅಂದುಕೊಳ್ಳಿ, ಪವರ್ 43 ಪಿಎಸ್ ಮಾತ್ರ. 998 ಸಿಸಿಯನ್ನು ನಾಲ್ಕು ಸಿಲಿಂಡರಿಗೆ ಹಂಚಿ, 76 ಮಿ.ಮೀ. ಬೋರು (ಸಿಲಿಂಡರಿನ ಅಗಲ), 55 ಮಿ.ಮೀ. ಸ್ಟ್ರೋಕು (ಪಿಸ್ಟನ್ ಓಡಾಡುವ ದೂರ) ಇಟ್ಟಿರುವುದೇ ಪಿಸ್ಟನ್ ಗಿಡ್ಡ ದಾರಿಯಲ್ಲಿ ಓಡಾಡಿ ಹೆಚ್ಚು ಆರ್‌ಪಿಎಂ ತಡೆಯಲಿ ಅಂತ. ಇದು ರೇಸಿಗೆ ಹುಟ್ಟಿದ ಎಂಜಿನ್. ಮೇಲೆ ಹೋದಷ್ಟೂ ಉಸಿರು ಬಿಡುತ್ತದೆ, ಕೆಳಗೆ ಸುಮ್ನೆ ಗೊಣಗುತ್ತದೆ.

ಧಾರವಾಡ ರಸ್ತೆಯಲ್ಲಿ ನೀವು 13,200 ನೋಡೋದೇ ಇಲ್ಲ. ಮೊದಲ ಗೇರಿನಲ್ಲೇ ಈ ಗಾಡಿ 140 ದಾಟುತ್ತದೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಕೇಂದ್ರ ಸರಕಾರ ನಿಗದಿ ಮಾಡಿದ ಮಿತಿ 80. ಸಮತಟ್ಟು ರಸ್ತೆಯಲ್ಲಿ 80ರಲ್ಲೇ ಓಡುತ್ತಿರಲು ಹತ್ತು ಪಿಎಸ್ ಕೂಡ ಬೇಕಾಗುವುದಿಲ್ಲ. ಉಳಿದ 193 ಸುಮ್ನೆ ಕೂತಿರುತ್ತವೆ, ಪೆಟ್ರೋಲ್ ಮಾತ್ರ ಕುಡಿಯುತ್ತಿರುತ್ತವೆ. ಇನ್ನೊಂದು ಮಾತು, ಇದನ್ನು ಶೋರೂಮಿನವರು ಹೇಳಲ್ಲ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಶೇ. 7ರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ಗಾಳಿ ಎಷ್ಟು ಸಿಕ್ಕರೆ ಅಷ್ಟಕ್ಕೇ ಪೆಟ್ರೋಲ್ ಸುಡುತ್ತದೆ, ಹಾಗಾಗಿ 203 ಅಂತ ಬರೆದದ್ದು ಹುಬ್ಬಳ್ಳಿಯಲ್ಲಿ 190ರ ಆಸುಪಾಸು. ಬೇಜಾರು ಬೇಡ, ಅದೂ ಬೇಕಾದ್ದಕ್ಕಿಂತ ಬಹಳ ಜಾಸ್ತಿ.

ಹಾಗಾದ್ರೆ ಹೆದರಬೇಕಾದ್ದು ಯಾವುದಕ್ಕೆ? ಒಂದು ಅಂದಾಜು ಲೆಕ್ಕ ಹಾಕೋಣ. ಗಾಡಿ 207 ಕೆಜಿ. ಜಾಕೆಟ್ಟು, ಹೆಲ್ಮೆಟ್ಟು ಸೇರಿ ನೀವು 75. ಒಟ್ಟು 282. ಇಂಥ ಗಾಡಿಗಳಲ್ಲಿ ತೂಕ ಕೂತಿರುವ ರೀತಿ ಹೇಗಿದೆ ಅಂದ್ರೆ, ಆ ಒಟ್ಟು ತೂಕದಷ್ಟೇ ಬಲದಿಂದ ಹಿಂದಿನ ಚಕ್ರ ಮುಂದಕ್ಕೆ ತಳ್ಳಿತು ಅಂದರೆ ಮುಂದಿನ ಚಕ್ರ ನೆಲ ಬಿಡೋ ಹಂತಕ್ಕೆ ಬರುತ್ತದೆ. 50ರ ವೇಗದಲ್ಲಿ ಅಷ್ಟು ಬಲಕ್ಕೆ ಬೇಕಾಗೋದು ಸುಮಾರು 52 ಪಿಎಸ್. 100ರಲ್ಲಿ ಸುಮಾರು 105. ಗಾಳಿ ತಡೆಯನ್ನು ಬದಿಗಿಟ್ಟರೆ, ಪೂರ್ತಿ 203ನ್ನೂ ಮುಂದಿನ ಚಕ್ರ ಏಳದ ಹಾಗೆ ನೆಲಕ್ಕೆ ಇಳಿಸಬೇಕಾದರೆ ವೇಗ 190 ದಾಟಿರಬೇಕು. ಅದಕ್ಕಿಂತ ಕೆಳಗಿನ ಎಲ್ಲ ವೇಗದಲ್ಲೂ ಎಂಜಿನ್ ಹತ್ತಿರ ಗಾಡಿಗೆ ತಡೆಯಲಾರದಷ್ಟು ಇದೆ. ಒಣ ಡಾಂಬರಿನಲ್ಲಿ ಮುಂದಿನ ಚಕ್ರ ಏಳುತ್ತದೆ, ಒದ್ದೆ ಡಾಂಬರಿನಲ್ಲಿ ಅದಕ್ಕೂ ಮೊದಲೇ ಹಿಂದಿನದು ಜಾರುತ್ತದೆ. ನಿಮ್ಮ ಎನ್‌ಎಸ್‌ನಲ್ಲಿ ಗಾಬರಿಯಾಗಿ ಎಕ್ಸಿಲರೇಟರ್ ಜಾಸ್ತಿ ತಿರುವಿದರೂ ಸದ್ದು ಮಾಡಿ ಮುಂದೆ ಹೋಗುತ್ತದೆ ಅಷ್ಟೇ. ಇಲ್ಲಿ ಹಾಗಲ್ಲ. ಎಲೆಕ್ಟ್ರಾನಿಕ್ಸ್ ಇಲ್ಲದಿದ್ದರೆ ಇಂಥ ಗಾಡಿಯಲ್ಲಿ ತಗ್ಗು ಹಾರಿ ಕೈ ಅಲ್ಲಾಡಿದ್ದೂ ಒಂದು ಆಜ್ಞೆಯೇ.

ಆ ಕೈಯನ್ನು ಸೋಸೋದೇ ಇವುಗಳ ಕೆಲಸ. ಈಗಿನ ಗಾಡಿಗಳಲ್ಲಿ ಎಕ್ಸಿಲರೇಟರ್ ಕೇಬಲ್ ನೇರವಾಗಿ ಎಂಜಿನ್ನಿಗೆ ಹೋಗಲ್ಲ. ನೀವು ತಿರುವಿದ್ದನ್ನು ಸೆನ್ಸರ್ ಓದುತ್ತದೆ, ಇಸಿಯು ಅನ್ನೋ ಗಾಡಿಯ ಕಂಪ್ಯೂಟರ್ ಯೋಚಿಸುತ್ತದೆ, ಮೋಟರ್ ಒಂದು ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಗಿಲು ತೆರೆಯುತ್ತದೆ. 2006ರ ಯಮಹಾ ಆರ್6ನಲ್ಲಿ ಬಂದಿದ್ದು ಇದೇ. ಅಂದರೆ ನೀವು ಕೊಡುವುದು ಅರ್ಜಿ, ಮಂಜೂರು ಮಾಡೋದು ಇಸಿಯು. ಪವರ್ ಮೋಡ್ ಎಂದರೂ ಇದೇ, ಅರ್ಜಿ ಹಾಕಿದ್ದರಲ್ಲಿ ಎಷ್ಟು ಕೊಡಬೇಕು ಅನ್ನೋ ಪಟ್ಟಿ. ಟ್ರ್ಯಾಕ್ಷನ್ ಕಂಟ್ರೋಲ್ ಬೇರೆ. ಎರಡನ್ನೂ ಒಂದೇ ಅಂದುಕೊಂಡವರು ಬಹಳ ಜನ.

ಟ್ರ್ಯಾಕ್ಷನ್ ಕಂಟ್ರೋಲ್ ನೋಡೋದು ಚಕ್ರವನ್ನು. ಎರಡೂ ಚಕ್ರದ ಡಿಸ್ಕ್ ಪಕ್ಕ ಸಣ್ಣ ಸಣ್ಣ ಕಿಂಡಿ ಇರುವ ಒಂದು ರಿಂಗ್ ಇದೆ ಅಲ್ವಾ, ಅದರ ಎದುರಿಗೆ ಒಂದು ಸೆನ್ಸರ್ ಕೂತು ಕಿಂಡಿ ಎಣಿಸುತ್ತಿರುತ್ತದೆ. ಮುಂದಿನದಕ್ಕಿಂತ ಹಿಂದಿನ ಚಕ್ರ ಜಾಸ್ತಿ ಜೋರಾಗಿ ತಿರುಗಿತು ಅಂದ್ರೆ ಜಾರುತ್ತಿದೆ ಅಂತ ಲೆಕ್ಕ. ಆಗ ಇಸಿಯು ಮೊದಲು ಸ್ಪಾರ್ಕ್ ತಡ ಮಾಡುತ್ತದೆ ಅಥವಾ ಒಂದೆರಡು ಸ್ಪಾರ್ಕ್ ತಪ್ಪಿಸುತ್ತದೆ, ಆಮೇಲೆ ಥ್ರಾಟಲ್ ಬಾಗಿಲು ಮುಚ್ಚುತ್ತದೆ. ಸ್ಪಾರ್ಕ್ ನಿಲ್ಲಿಸೋದು ಕೂಡಲೇ ಆಗುತ್ತದೆ, ಬಾಗಿಲು ಮುಚ್ಚೋಕೆ ಸ್ವಲ್ಪ ಹೊತ್ತು ಬೇಕು, ಅದಕ್ಕೇ ಈ ಕ್ರಮ. ಒಳ್ಳೆಯ ಗಾಡಿಯಲ್ಲಿ ಇದು ನಡೆದದ್ದೇ ಗೊತ್ತಾಗಲ್ಲ, ಎಂಜಿನ್ ಸದ್ದು ಒಂಚೂರು ಒರಟಾಗುತ್ತದೆ, ಮೀಟರಿನಲ್ಲಿ ಹಳದಿ ಲೈಟ್ ಮಿಟುಕುತ್ತದೆ, ಅಷ್ಟೇ.

ಆದರೆ ಗಾಡಿ ವಾಲಿದಾಗ ಈ ಎಣಿಕೆ ಕೆಡುತ್ತದೆ. ಬೈಕಿನ ಟಯರ್ ಗುಂಡಗೆ ಇರುತ್ತದೆ, ವಾಲಿದಾಗ ಅಂಚಿನ ಮೇಲೆ ಓಡುತ್ತದೆ, ಅಂಚಿನಲ್ಲಿ ಸುತ್ತಳತೆ ಕಮ್ಮಿ. ಮುಂದಿನದು 120, ಹಿಂದಿನದು 190 ಅಗಲ, ಎರಡರಲ್ಲೂ ಕಮ್ಮಿಯಾಗೋದು ಒಂದೇ ಅಳತೆಯಲ್ಲಲ್ಲ. ಹಾಗಾಗಿ ಜಾರದೇ ಇದ್ದರೂ ಎರಡು ಚಕ್ರದ ಲೆಕ್ಕ ಹೊಂದಲ್ಲ. ಇದನ್ನು ಸರಿ ಮಾಡಿದ್ದು ಐಎಂಯು. ಸೀಟಿನ ಕೆಳಗೆ ಬೆಂಕಿಪೊಟ್ಟಣದಷ್ಟರ ಒಂದು ಡಬ್ಬಿ, ಗಾಡಿ ಎಷ್ಟು ವಾಲಿದೆ, ಮೂತಿ ಎದ್ದಿದೆಯೋ ತಗ್ಗಿದೆಯೋ, ಯಾವ ಕಡೆ ತಿರುಗುತ್ತಿದೆ ಅಂತ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಹೇಳುತ್ತಿರುತ್ತದೆ. 2015ರ ಯಮಹಾ ಆರ್1ನಲ್ಲಿ ಇದು ಬಂತು, 2016ರ ಝಡ್‌ಎಕ್ಸ್-10ಆರ್‌ಗೂ ಬಂತು. ನೀವು ನೋಡಿಟ್ಟ ಗಾಡಿ ಯಾವ ವರ್ಷದ್ದು ಅಂತ ಬರೆದಿಲ್ಲ. 2011ರಿಂದಲೇ ಈ ಮಾಡೆಲ್‌ಗೆ ಟ್ರ್ಯಾಕ್ಷನ್ ಕಂಟ್ರೋಲ್ ಇದೆ, ಆದರೆ ಐಎಂಯು ಇಲ್ಲ. 2016ಕ್ಕಿಂತ ಹಳೆಯದಾದರೆ ‘ಎಲ್ಲಾ ಇದೆ’ ಅನ್ನೋ ಮಾತನ್ನು ನಂಬಬೇಡಿ.

ಇದೆಲ್ಲ ಎಷ್ಟು ಸೂಕ್ಷ್ಮ ಅನ್ನೋದಕ್ಕೆ ಮೊನ್ನೆ ನಮ್ಮ ಗ್ಯಾರೇಜಿಗೆ ಬಂದ ಒಂದು ಲೀಟರ್ ಗಾಡಿ, ಅಂದ್ರೆ ಸಾವಿರ ಸಿಸಿಯದು, ನೋಡಬೇಕಿತ್ತು. ನೇರ ರಸ್ತೆಯಲ್ಲೂ ಎಕ್ಸಿಲರೇಟರ್ ಸ್ವಲ್ಪ ಕೊಟ್ಟರೆ ಸಾಕು, ಹಳದಿ ಲೈಟ್ ಮಿಟಿಮಿಟಿ, ಗಾಡಿ ಎಳೆಯೋದೇ ಇಲ್ಲ. ಬೇರೆಲ್ಲೋ ಪ್ಲಗ್ ಬದಲಿಸಿದ್ದರು, ಫಿಲ್ಟರ್ ಬದಲಿಸಿದ್ದರು, ಬಿಲ್ಲೂ ಸಣ್ಣದಲ್ಲ. ಹಿಂದಿನ ಟಯರ್ ಮೇಲೆ ಬರೆದದ್ದನ್ನು ಯಾರೂ ಓದಿರಲಿಲ್ಲ. 190/55 ಇರಬೇಕಾದಲ್ಲಿ, ಅಗ್ಗಕ್ಕೆ ಸಿಕ್ಕಿತು ಅಂತ 190/50 ಹಾಕಿಸಿದ್ದರು. ಟಯರಿನ ಎತ್ತರ ಒಂದು ಸೆಂಟಿಮೀಟರ್‌ನಷ್ಟು ತಗ್ಗಿ ಸುತ್ತಳತೆ ಶೇ. 3ರಷ್ಟು ಕಮ್ಮಿಯಾಗಿತ್ತು. ಗಿಡ್ಡ ಚಕ್ರ ಜಾಸ್ತಿ ಸುತ್ತು ತಿರುಗಲೇಬೇಕು, ಇಸಿಯು ಅದನ್ನು ಜಾರಿಕೆ ಅಂತ ಓದುತ್ತಿತ್ತು. ಸರಿಯಾದ ಟಯರ್ ಹಾಕಿದ ಮೇಲೆ ಸುಮ್ಮನಾಯಿತು.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ, ಕಾಪಾಡ್ತಾವಾ ಅನ್ನೋದಕ್ಕೆ. ಊಟದ ಪಂಕ್ತಿಯಲ್ಲಿ ಬಡಿಸುವವನು ಎಷ್ಟೇ ಜಾಣನಾದರೂ ಪಾತ್ರೆಯಲ್ಲಿ ಇದ್ದಷ್ಟನ್ನೇ ಬಡಿಸಬಲ್ಲ. ಇದೂ ಹಾಗೇ. ಟಯರಿಗೂ ರಸ್ತೆಗೂ ನಡುವೆ ಇರುವ ಹಿಡಿತವನ್ನು ಇದು ಹಂಚುತ್ತದೆ, ಹೊಸದಾಗಿ ಹುಟ್ಟಿಸುವುದಿಲ್ಲ. ಅದರಲ್ಲೂ ಟ್ರ್ಯಾಕ್ಷನ್ ಕಂಟ್ರೋಲ್ ಕೈ ಇರೋದು ಹಿಂದಿನ ಚಕ್ರದ ಮೇಲೆ ಮಾತ್ರ, ಅದೂ ನೀವು ಎಕ್ಸಿಲರೇಟರ್ ಕೊಡುತ್ತಿರುವಾಗ. ತಿರುವಿನಲ್ಲಿ ವಾಲಿಕೊಂಡು ಹೋಗುವಾಗ ಮುಂದಿನ ಚಕ್ರ ಮಣ್ಣಿನ ಮೇಲೆ ಜಾರಿತು ಅಂತಿಟ್ಟುಕೊಳ್ಳಿ. ಬ್ರೇಕ್ ಹಿಡಿದಿಲ್ಲ, ಎಕ್ಸಿಲರೇಟರ್ ಕೊಟ್ಟಿಲ್ಲ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ಗೂ ಕೆಲಸವಿಲ್ಲ, ಟ್ರ್ಯಾಕ್ಷನ್ ಕಂಟ್ರೋಲ್‌ಗೂ ಇಲ್ಲ. ಲಕ್ಷಗಟ್ಟಲೆಯ ಎಲೆಕ್ಟ್ರಾನಿಕ್ಸ್ ನೋಡುತ್ತಾ ಕೂತಿರುತ್ತದೆ, ಗಾಡಿ ಮಲಗುತ್ತದೆ.

ನಮ್ಮ ಕಡೆ ಜಾರೋ ಸಾಮಾನಿಗೆ ಬರವೇ? ಅಣ್ಣಿಗೇರಿ, ನವಲಗುಂದ ಕಡೆ ಮಳೆ ಬಿದ್ದ ಮಾರನೇ ದಿನ ಹೊಲದಿಂದ ಬಂದ ಟ್ರ್ಯಾಕ್ಟರ್ ಗಾಲಿಯಿಂದ ಎರಿ ಮಣ್ಣು ಉದುರುತ್ತಾ ಹೋಗಿರುತ್ತದೆ. ಒದ್ದೆ ಎರಿ ಮಣ್ಣು ಟಯರಿನ ಗೆರೆಗಳಲ್ಲಿ ತುಂಬಿಕೊಂಡರೆ ಟಯರ್ ಬೋಳಾಗಿದ್ದಂತೆಯೇ. ಸುಗ್ಗಿಯಲ್ಲಿ ಒಳ ರಸ್ತೆಗಳ ಮೇಲೆ ಕಡಲೆ, ಹೆಸರು ಹರವಿರುತ್ತಾರೆ, ರಾಶಿ ಎತ್ತಿದ ಮೇಲೂ ಕಾಳು, ಹೊಟ್ಟು ಉಳಿದಿರುತ್ತವೆ. ಒಣಗಿದ ಹೊಟ್ಟಿನ ಮೇಲೆ ಮುಂದಿನ ಬ್ರೇಕ್ ಒತ್ತಿ ನೋಡಿದವರಿಗೆ ಗೊತ್ತು, ಎಬಿಎಸ್ ಲಿವರಿನಲ್ಲಿ ಕಟಕಟ ಅನ್ನುತ್ತದೆ, ಚಕ್ರ ಲಾಕ್ ಆಗಲ್ಲ, ಗಾಡಿ ನಿಲ್ಲೋದೂ ಇಲ್ಲ. ಹಿಡಿತವೇ ಇಲ್ಲದ ಕಡೆ ಎಬಿಎಸ್ ಗಾಡಿಯನ್ನು ನೆಟ್ಟಗೆ ಇಡುತ್ತದೆ, ನಿಲ್ಲಿಸೋ ದೂರವನ್ನು ಕಮ್ಮಿ ಮಾಡುತ್ತದೆ ಅಂತ ಖಾತ್ರಿ ಇಲ್ಲ.

ಇಷ್ಟಾದರೂ ಇವುಗಳಲ್ಲಿ ಒಂದನ್ನೇ ಆರಿಸು ಅಂದರೆ ನಾನು ಕಣ್ಣು ಮುಚ್ಚಿ ಎಬಿಎಸ್ ಆರಿಸುತ್ತೇನೆ, ಅದರಲ್ಲೂ ವಾಲಿದಾಗ ಕೆಲಸ ಮಾಡುವ ಕಾರ್ನರಿಂಗ್ ಎಬಿಎಸ್. 1988ರಲ್ಲಿ ಬಿಎಂಡಬ್ಲ್ಯು ಕೆ100ಗೆ ಎಬಿಎಸ್ ಹಾಕಿದ ಕಾಲಕ್ಕೆ ಅದು ನೇರ ಗಾಡಿಗೆ ಮಾತ್ರ. ತಿರುವಿನಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದರೆ ಗಾಡಿ ತಾನಾಗಿ ಎದ್ದು ನಿಲ್ಲುತ್ತದೆ, ರಸ್ತೆ ಬಿಟ್ಟು ಹೊರಗೆ ಓಡುತ್ತದೆ. ಅರಬೈಲ್ ಘಟ್ಟದಲ್ಲಿ ಹೊರಗೆ ಅಂದ್ರೆ ಎದುರಿನ ಲಾರಿ ಅಥವಾ ಕೊಳ್ಳ. ಕಾರ್ನರಿಂಗ್ ಎಬಿಎಸ್ ವಾಲಿದ ಕೋನ ನೋಡಿ ಬ್ರೇಕಿನ ಒತ್ತಡವನ್ನು ನಿಧಾನವಾಗಿ ಏರಿಸುತ್ತದೆ. ಗಾಬರಿಯಲ್ಲಿ ಕೈ ಏನು ಮಾಡುತ್ತದೆ ಅಂತ ಯಾರಿಗೂ ಮೊದಲೇ ಗೊತ್ತಿರಲ್ಲ, ಹಾಗಾಗಿ ಇದಕ್ಕೆ ಕೊಟ್ಟ ದುಡ್ಡು ದಂಡ ಅಲ್ಲ. ವ್ಹೀಲಿಂಗ್ ಕಂಟ್ರೋಲು, ಲಾಂಚ್ ಕಂಟ್ರೋಲು, ಕ್ವಿಕ್‌ಶಿಫ್ಟರು ಇವೆಲ್ಲ ಮಜಾ ಕೊಡುತ್ತವೆ, ಟ್ರ್ಯಾಕಿನಲ್ಲಿ ಸಮಯ ಉಳಿಸುತ್ತವೆ. ನಿಮ್ಮ ದಿನದ ಓಡಾಟಕ್ಕೆ ಅವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನನಗೆ ನಿಮ್ಮ ವಿಷಯದಲ್ಲಿ ಚಿಂತೆ ಇರೋದು ಚಕ್ರ ಜಾರುವುದರ ಬಗ್ಗೆ ಅಲ್ಲ. 80ರಿಂದ 140ಕ್ಕೆ ಹೋಗಲು ಈ ಗಾಡಿಗೆ ಮೂರು ಸೆಕೆಂಡು ಕೂಡ ಬೇಡ. ಎನ್‌ಎಸ್‌ನಲ್ಲಿ 140 ಮುಟ್ಟೋದೇ ಕಷ್ಟ, ಮುಟ್ಟುವಷ್ಟರಲ್ಲಿ ಗಾಡಿ ನಡುಗಿ, ಗಾಳಿ ಹೊಡೆದು, ನಿಮಗೇ ಸಾಕೆನಿಸುತ್ತದೆ. ಲೀಟರ್ ಗಾಡಿ ನಡುಗಲ್ಲ, ವಿಂಡ್‌ಸ್ಕ್ರೀನ್ ಹಿಂದೆ ಬಗ್ಗಿದರೆ ಗಾಳಿಯೂ ತಾಗಲ್ಲ, ಎಲೆಕ್ಟ್ರಾನಿಕ್ಸ್ ಎಲ್ಲವನ್ನೂ ನುಣ್ಣಗೆ ಮಾಡಿಟ್ಟಿರುತ್ತದೆ. ವೇಗ ಮೈಗೆ ತಿಳಿಯೋದೇ ಇಲ್ಲ. ಒಣ ಡಾಂಬರಿನಲ್ಲಿ ಒಳ್ಳೆ ಬ್ರೇಕ್ ಇದ್ದರೆ 80ರಿಂದ ನಿಲ್ಲಲು ಸುಮಾರು 30 ಮೀಟರ್ ಸಾಕು. 140ರಿಂದ ಸುಮಾರು 95 ಬೇಕು. ಇದರ ಮೇಲೆ ನೋಡಿ, ಗಾಬರಿಯಾಗಿ, ಬ್ರೇಕಿಗೆ ಬೆರಳು ಹೋಗುವ ಒಂದು ಸೆಕೆಂಡಿನಲ್ಲಿ ಇನ್ನೂ 39 ಮೀಟರ್ ಕಳೆದಿರುತ್ತದೆ. ಬೈರಿದೇವರಕೊಪ್ಪದ ಹತ್ತಿರ ಚಿಗರಿ ಬಸ್ ಇಳಿದವರು ಓಡಿ ರಸ್ತೆ ದಾಟೋದು, ನವನಗರದಲ್ಲಿ ರಾಂಗ್ ಸೈಡ್ ಬರೋ ಸ್ಕೂಟಿ, ಹಿಂದೆ ಒಂದೂ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ಇವನ್ನು ಯಾವ ಸೆನ್ಸರೂ ನಿಮಗೆ ಮೊದಲೇ ಹೇಳಲ್ಲ. ದಾಟುವವರಿಗೂ ನಿಮ್ಮ ವೇಗದ ಅಂದಾಜು ಸಿಗಲ್ಲ, ಬೈಕು ಅಂದ್ರೆ ಇಷ್ಟು ಹೊತ್ತಿಗೆ ಬರುತ್ತದೆ ಅನ್ನೋ ಲೆಕ್ಕ ಅವರ ತಲೆಯಲ್ಲಿ ಇರೋದು ಸ್ಪ್ಲೆಂಡರ್‌ನದು.

ಯುರೋಪಿನಲ್ಲಿ ಎ2 ಅನ್ನೋ ಲೈಸೆನ್ಸ್ ಇದೆ. ಅದರಲ್ಲಿ 35 ಕಿಲೋವ್ಯಾಟ್, ಅಂದರೆ ಸುಮಾರು 48 ಪಿಎಸ್ ಮೀರಿದ ಗಾಡಿ ಓಡಿಸುವ ಹಾಗಿಲ್ಲ. ಎರಡು ವರ್ಷ ಅದರಲ್ಲಿ ಪಳಗಿ ಮತ್ತೊಂದು ಪರೀಕ್ಷೆ ಇಲ್ಲವೇ ತರಬೇತಿ ಮುಗಿಸಿದರೆ ದೊಡ್ಡದು, ಸೀದಾ ದೊಡ್ಡದಕ್ಕೇ ಹೋಗಬೇಕೆಂದರೆ ಸಾಮಾನ್ಯವಾಗಿ 24 ವಯಸ್ಸಾಗಿರಬೇಕು. ನಮ್ಮಲ್ಲಿ 100 ಸಿಸಿಯಲ್ಲಿ ಎಂಟು ಹಾಕಿ ಪಾಸಾದ ಲೈಸೆನ್ಸಿನಲ್ಲೇ 203 ಪಿಎಸ್ ಓಡಿಸಬಹುದು. ಕಾನೂನು ಹಾಕದ ಮೆಟ್ಟಿಲನ್ನು ನೀವೇ ಹಾಕಿಕೊಳ್ಳಿ ಅಂತ ನನ್ನ ಸಲಹೆ. ಈಗಿನ ಕೆಟಿಎಂ 390 ಡ್ಯೂಕ್ 46 ಪಿಎಸ್, 39 ನ್ಯೂಟನ್ ಮೀಟರ್. ಕಾರ್ನರಿಂಗ್ ಎಬಿಎಸ್ ಇದೆ, ವಾಲಿದ್ದನ್ನು ತಿಳಿಯುವ ಟ್ರ್ಯಾಕ್ಷನ್ ಕಂಟ್ರೋಲ್ ಇದೆ. ಮಜಾ ಏನಂದ್ರೆ ಅದಕ್ಕಿಂತ ಎಷ್ಟೋ ದುಬಾರಿಯಾದ ಝಡ್‌ಎಕ್ಸ್-6ಆರ್‌ನಲ್ಲಿ ಐಎಂಯು ಇಲ್ಲ. 636 ಸಿಸಿಯ ಅದರ ಟಾರ್ಕ್ ಕೂಡ ಮೇಲೆ, 10,800 ಆರ್‌ಪಿಎಂ ಹತ್ತಿರ ಸಿಗೋದು. ‘ಆರುನೂರು ತಗೋ, ಸಾವಿರಕ್ಕಿಂತ ಸಾಧು’ ಅನ್ನೋರ ಮಾತು ಅಷ್ಟು ಸರಿಯಲ್ಲ. ಊರೊಳಗೂ ಬೇಕು, ದೂರಕ್ಕೂ ಬೇಕು ಅಂದ್ರೆ ನಿಂಜಾ 650 ನೋಡಿ. 64 ನ್ಯೂಟನ್ ಮೀಟರ್, 6,700 ಆರ್‌ಪಿಎಂನಲ್ಲಿ, ಅಂದರೆ ನೀವು ನಿಜವಾಗಿ ಓಡಿಸುವ ಜಾಗದಲ್ಲೇ ಎಳೆತ. ಲೀಟರ್ ಗಾಡಿಯ ಆಸೆ ಹೋಗದಿದ್ದರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈನ ಟ್ರ್ಯಾಕ್ ಇವೆ, ತರಬೇತಿಯಲ್ಲಿ ಅದೇ 390 ಹಿಡಿದು ಬ್ರೇಕ್ ಹಿಡಿಯೋದನ್ನು ಕಲಿತು ಬನ್ನಿ.

ಇಷ್ಟು ಹೇಳಿದರೂ ನೀವು ಆ ಗಾಡಿ ತಗೊಳ್ತೀರಿ ಅಂತ ನನಗೆ ಗೊತ್ತು, ‘ನೋಡಿಟ್ಟಿದ್ದೇನೆ’ ಅಂತ ಬರೆದವರು ಯಾರೂ ಬಿಡಲ್ಲ. ಹಾಗಾದರೆ ದುಡ್ಡು ಕೊಡೋ ಮೊದಲು ನೋಡಬೇಕಾದ್ದು ಹೇಳುತ್ತೇನೆ. ಟಯರಿನ ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗೆರೆ ಚೆನ್ನಾಗಿದ್ದರೂ ಹಳೆ ಟಯರ್ ಗಟ್ಟಿಯಾಗಿರುತ್ತದೆ, ಹಿಡಿತದ ಪಾತ್ರೆ ಅರ್ಧ ಖಾಲಿ. ಅಳತೆ 190/55 ಹೌದೋ ಅಲ್ಲವೋ ನೋಡಿ. ಕೀ ಹಾಕಿದಾಗ ಎಬಿಎಸ್ ಲೈಟ್ ಹತ್ತಬೇಕು, ಗಾಡಿ ಹೊರಟ ಮೇಲೆ ಆರಬೇಕು. ಹತ್ತದೇ ಇದ್ದರೆ ಯಾರೋ ಕೈಯಾಡಿಸಿದ್ದಾರೆ, ಆರದೇ ಇದ್ದರೆ ವ್ಹೀಲಿಂಗ್ ಮಾಡಲು ಎಬಿಎಸ್ ಫ್ಯೂಸ್ ಕಿತ್ತಿರಬಹುದು ಅಥವಾ ಸೆನ್ಸರ್ ಹೋಗಿರಬಹುದು. ಚಕ್ರದ ಸೆನ್ಸರ್ ಹೋದರೆ ಟ್ರ್ಯಾಕ್ಷನ್ ಕಂಟ್ರೋಲೂ ಅದರ ಜೊತೆಗೇ ಹೋಗುತ್ತದೆ, ಎರಡಕ್ಕೂ ಕಣ್ಣು ಒಂದೇ. ಪಂಕ್ಚರ್ ಹಾಕುವವರು ಚಕ್ರ ಬಿಚ್ಚಿ ನೆಲಕ್ಕೆ ಒರಗಿಸಿ ರಿಂಗ್ ಸೊಟ್ಟ ಮಾಡಿರುವುದೂ ಉಂಟು, ಚಕ್ರ ಕೈಯಿಂದ ತಿರುಗಿಸಿ ಬಗ್ಗಿ ನೋಡಿ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಇಸಿಯುನಲ್ಲಿರುವ ಎರರ್ ಕೋಡ್ ಓದಿಸಿ. ಮಾರುವವರು ‘ಅದೆಲ್ಲ ಯಾಕೆ ರೀ’ ಅಂದರೆ ಅಲ್ಲಿಗೇ ಬಿಟ್ಟು ಬನ್ನಿ.

ತಗೊಂಡ ಮೇಲೆ ಮೋಡ್. ಒಣ ರಸ್ತೆಯಲ್ಲಿ ಮೊದಲ ಕೆಲವು ತಿಂಗಳು ಪವರ್ ಲೋ, ಟ್ರ್ಯಾಕ್ಷನ್ ಕಂಟ್ರೋಲ್ ಮಧ್ಯದಲ್ಲಿ. 2021ರ ನಂತರದ್ದಾದರೆ ರೋಡ್ ಮೋಡ್ ಇದೆ, ಕೈ ಹೊಂದಿದ ಮೇಲೆ ಅದಕ್ಕೆ ಹೋಗಿ. ಮಳೆಯಲ್ಲಿ ರೇನ್ ಮೋಡ್, ಅದು ಪವರನ್ನೂ ಇಳಿಸಿ ಟ್ರ್ಯಾಕ್ಷನ್ ಕಂಟ್ರೋಲನ್ನೂ ಬಿಗಿ ಮಾಡುತ್ತದೆ. ಹಳೆಯದಾದರೆ ಪವರ್ ಲೋ, ಟ್ರ್ಯಾಕ್ಷನ್ ಕಂಟ್ರೋಲ್ ಕೊನೆಯ ಅಂಕಿಗೆ ಇಡಿ. ಕಲಘಟಗಿ ದಾಟಿದ ಮೇಲೆ ರಸ್ತೆ ತಣ್ಣಗೆ, ಒದ್ದೆಯಾಗಿ, ಮರದ ಎಲೆ ಬಿದ್ದು ಇರುತ್ತದೆ. ಈ ಗಾಡಿಗಳ ಟಯರ್ ಬಿಸಿಯಾದರೆ ಮಾತ್ರ ಹಿಡಿಯೋ ಜಾತಿ, ಅಲ್ಲಿ ಮಳೆಯಲ್ಲಿ ಅದು ಬಿಸಿಯಾಗೋದೇ ಇಲ್ಲ. ಮಳೆಗಾಲದ ರೈಡಿಗೆ ಸ್ಪೋರ್ಟ್ ಟೂರಿಂಗ್ ಟಯರ್ ಹಾಕಿಸಿ, ಇದೇ ಅಳತೆಯಲ್ಲಿ ಸಿಗುತ್ತದೆ. ಏಪ್ರಿಲ್‌ನಲ್ಲಿ ಟೋಲ್ ನಾಕಾ ಸಿಗ್ನಲ್‌ನಲ್ಲಿ ನಿಂತಾಗ ರೇಡಿಯೇಟರ್ ಫ್ಯಾನು ಬಿಸಿ ಗಾಳಿಯನ್ನು ಸೀದಾ ತೊಡೆಗೆ ಊದುತ್ತದೆ, ಅದಕ್ಕೆ ಮೋಡ್ ಇಲ್ಲ. ಹಳೆ ಎನ್‌ಎಸ್ ಮಾರಬೇಡಿ. ದಿನದ ಧಾರವಾಡಕ್ಕೆ ಅದೇ ಇರಲಿ.